ವೇಗ ಹೆಚ್ಚಿಸಿದ ಗಣಕಕ್ಕೆ ನೀರಿನ ತಂಪು

ಮನೆಯಲ್ಲಿ ಬಳಸುವ 1000 ವಾಟ್‌ನ ಇಸ್ತ್ರಿಪೆಟ್ಟಿಗೆಯ ತಳದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿನಿಂದ ಹೊರಬರುವ ಶಾಖ 5 ವಾಟ್. ಇಷ್ಟಕ್ಕೇ ಅದು ಬಟ್ಟೆಯನ್ನು ಸುಡಬಲ್ಲದು. ಈಗ ಗಣಕ ಆಟಗಳಿಗೆ ಹೆಸರಾದ ಒಂದು ಪ್ರೊಸೆಸರನ್ನು ನೋಡಿ. ಎಎಮ್‌ಡಿ ಕಂಪನಿ 2024ರ ನವೆಂಬರಿನಲ್ಲಿ ಮಾರುಕಟ್ಟೆಗೆ ತಂದ ರೈಜೆನ್ 7 9800ಎಕ್ಸ್3ಡಿ ಇದು. ಇದರಲ್ಲಿ ಲೆಕ್ಕಾಚಾರ ನಡೆಸುವ ಸಿಲಿಕಾನ್ ಬಿಲ್ಲೆಯ ವಿಸ್ತೀರ್ಣ ಸುಮಾರು 70 ಚದರ ಮಿಲಿಮೀಟರ್. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಪೂರ್ತಿ ದುಡಿಸಿದಾಗ ಅಷ್ಟೇ ಜಾಗದಿಂದ 100 ವಾಟ್ ಶಾಖ ಹೊರಬರಬೇಕು. ಪ್ರತಿ ಚದರ ಸೆಂಟಿಮೀಟರಿಗೆ 140 ವಾಟ್, ಇಸ್ತ್ರಿಪೆಟ್ಟಿಗೆಯ 28 ಪಟ್ಟು! ಆದರೂ ಬಿಲ್ಲೆಯ ಉಷ್ಣತೆ 95 ಡಿಗ್ರಿ ಸೆಲ್ಸಿಯಸ್ ದಾಟುವಂತಿಲ್ಲ.

ವಿದ್ಯುತ್ ಮೋಟಾರು ತಾನು ಪಡೆದ ಶಕ್ತಿಯ ಬಹುಭಾಗವನ್ನು ಕೆಲಸವಾಗಿ ಹೊರಗೆ ಕೊಡುತ್ತದೆ. ಗಣಕದಲ್ಲಿ ಹಾಗಲ್ಲ. ಒಳಹೊಕ್ಕ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಕೊಠಡಿಯ ಗಾಳಿಗೆ ಸೇರುತ್ತದೆ. ನೀರು ಹಾಕಿದರೂ ಅಷ್ಟೆ, ಫ್ಯಾನು ಹಾಕಿದರೂ ಅಷ್ಟೆ. ನೀರು ಶಾಖವನ್ನು ಹೊತ್ತೊಯ್ಯುತ್ತದೆಯೇ ಹೊರತು ಕರಗಿಸಿಬಿಡುವುದಿಲ್ಲ. 600 ವಾಟ್ ಸೆಳೆಯುವ ಗಣಕ ಕೊಠಡಿಯಲ್ಲಿ ಉರಿಯುವ 600 ವಾಟ್‌ನ ಹೀಟರೇ ಸರಿ. ಹೀಗಾಗಿ ಬಿಡಿಭಾಗಗಳ ಆಯ್ಕೆಗೆ ಕುಳಿತವರು ಮೊದಲು ಹಾಕಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಿಲ್ಲೆಯಲ್ಲಿ ಹುಟ್ಟಿದ ಶಾಖ ಕೊಠಡಿಯ ಗಾಳಿಗೆ ತಲುಪುವ ದಾರಿ ಎಲ್ಲಿ ಇಕ್ಕಟ್ಟಾಗಿದೆ? ಹಣ ಹಾಕಬೇಕಾದದ್ದು ಆ ಇಕ್ಕಟ್ಟಿನ ಜಾಗಕ್ಕೆ.

ವೇಗಕ್ಕೆ ತೆರುವ ಬೆಲೆ

ಪ್ರೊಸೆಸರಿನ ಒಳಗಿನ ಕ್ರಿಯೆಗಳೆಲ್ಲ ಒಂದು ಗಡಿಯಾರದ ತಾಳಕ್ಕೆ ನಡೆಯುತ್ತವೆ. ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ಆವೃತ್ತಿಯಲ್ಲಿ ಅದನ್ನು ದುಡಿಸುವುದೇ ಓವರ್‌ಕ್ಲಾಕಿಂಗ್. ಇದಕ್ಕೊಂದು ಸುವರ್ಣಯುಗವಿತ್ತು. 1998ರಲ್ಲಿ ಇಂಟೆಲ್ ಮಾರಿದ ಸೆಲೆರಾನ್ 300ಎ ಪ್ರೊಸೆಸರಿನ ಆವೃತ್ತಿ 300 ಮೆಗಾಹರ್ಟ್ಸ್. 66 ಮೆಗಾಹರ್ಟ್ಸ್‌ನ ಬಸ್ ಆವೃತ್ತಿಯನ್ನು 4.5ರಿಂದ ಗುಣಿಸಿ ಇದನ್ನು ಪಡೆಯಲಾಗುತ್ತಿತ್ತು. ಮದರ್‌ಬೋರ್ಡಿನಲ್ಲಿ ಬಸ್ ಆವೃತ್ತಿಯನ್ನು 100ಕ್ಕೆ ಏರಿಸಿದರೆ ಪ್ರೊಸೆಸರ್ 450ಕ್ಕೆ ಜಿಗಿಯುತ್ತಿತ್ತು! ಬಹಳಷ್ಟು ಬಿಲ್ಲೆಗಳು ಇದನ್ನು ತಾಳಿಕೊಂಡವು. ಒಂದೂವರೆ ಪಟ್ಟು ವೇಗ, ಖರ್ಚು ಹೆಚ್ಚೇನೂ ಇಲ್ಲ.

ಇಂದಿನ ಪರಿಸ್ಥಿತಿ ಬೇರೆ. ಬಿಲ್ಲೆ ಎಷ್ಟು ವೇಗ ತಾಳಬಲ್ಲದೋ ಬಹುಪಾಲು ಅಷ್ಟನ್ನೂ ಕಾರ್ಖಾನೆಯವರೇ ಹಿಂಡಿಕೊಂಡು ಕೊಡುತ್ತಾರೆ. ಕೆಲವೊಮ್ಮೆ ಮಿತಿ ಮೀರಿಯೂ ಹಿಂಡಿದ್ದುಂಟು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಕೋರ್ ಪ್ರೊಸೆಸರುಗಳಲ್ಲಿ ಆಟಗಳು ನಡುವೆಯೇ ನಿಂತುಹೋಗುವ ದೂರುಗಳು ಬಂದವು. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹಾಯುತ್ತಿದ್ದುದರಿಂದ ಬಿಲ್ಲೆಗಳು ಶಾಶ್ವತವಾಗಿ ಕೆಡುತ್ತಿವೆಯೆಂದು 2024ರಲ್ಲಿ ಕಂಪನಿಯೇ ತಿಳಿಸಿತು. ತಿದ್ದುಪಡಿಯ ಮೈಕ್ರೋಕೋಡನ್ನು ಬಿಡುಗಡೆ ಮಾಡಿ, ಖಾತರಿ ಅವಧಿಯನ್ನು ಎರಡು ವರ್ಷ ಹೆಚ್ಚಿಸಿತು. ವೋಲ್ಟೇಜನ್ನು ತಮಗೆ ತೋಚಿದಂತೆ ಏರಿಸಬಯಸುವವರು ಈ ಪ್ರಕರಣವನ್ನು ನೆನಪಿಡಬೇಕು.

ವೇಗ ಹೆಚ್ಚಿಸಲು ವೋಲ್ಟೇಜ್ ಏಕೆ ಹೆಚ್ಚಿಸಬೇಕು? ಪ್ರತಿ ಟ್ರಾನ್ಸಿಸ್ಟರಿನ ದ್ವಾರವನ್ನೂ ಒಂದು ಪುಟ್ಟ ಧಾರಕವೆಂದು ಭಾವಿಸಿ. ಗಡಿಯಾರದ ಮುಂದಿನ ಬಡಿತ ಬರುವುದರೊಳಗೆ ಅದು ತುಂಬಬೇಕು ಅಥವಾ ಖಾಲಿಯಾಗಬೇಕು. ಸಮಯ ಕಡಿಮೆಯಾದಷ್ಟೂ ಹೆಚ್ಚು ಒತ್ತಡದಿಂದ ತುಂಬಬೇಕಾಗುತ್ತದೆ. ಹೀಗೆ ತುಂಬಿ ಬರಿದಾಗುವಾಗ ವ್ಯಯವಾಗುವ ಸಾಮರ್ಥ್ಯದ ಸೂತ್ರ ಸರಳ:

ಸಾಮರ್ಥ್ಯ ∝ ಧಾರಕತೆ × (ವೋಲ್ಟೇಜ್)² × ಆವೃತ್ತಿ

4.5 ಗಿಗಾಹರ್ಟ್ಸ್‌ನಲ್ಲಿ 1.20 ವೋಲ್ಟ್ ಬೇಡುವ ಪ್ರೊಸೆಸರನ್ನು 5 ಗಿಗಾಹರ್ಟ್ಸ್‌ಗೆ ಏರಿಸಲು 1.35 ವೋಲ್ಟ್ ಬೇಕಾಯಿತೆನ್ನಿ. ಆವೃತ್ತಿ 1.11 ಪಟ್ಟಾಯಿತು. ವೋಲ್ಟೇಜ್ 1.125 ಪಟ್ಟು, ಅದರ ವರ್ಗ 1.27. ಎರಡನ್ನೂ ಗುಣಿಸಿದರೆ 1.41. ವೇಗ ಶೇಕಡಾ 11 ಹೆಚ್ಚಿತು, ಶಾಖ ಶೇಕಡಾ 41 ಹೆಚ್ಚಿತು! ಜೊತೆಗೆ ಬಿಲ್ಲೆ ಬಿಸಿಯಾದಷ್ಟೂ ಅದರಲ್ಲಿ ಸೋರುವ ವಿದ್ಯುತ್ ಪ್ರವಾಹವೂ ಹೆಚ್ಚುವುದರಿಂದ ನಿಜವಾದ ಲೆಕ್ಕ ಇನ್ನೂ ಸ್ವಲ್ಪ ದುಬಾರಿ. ದ್ರವ ಹೀಲಿಯಮ್ ಸುರಿದು 2023ರಲ್ಲಿ 9 ಗಿಗಾಹರ್ಟ್ಸ್ ದಾಟಿದ ದಾಖಲೆ ಇದೆ. ಅದು ಕೆಲವು ಕ್ಷಣಗಳ ಸಾಹಸ, ದಿನವೂ ಆಡುವ ಗಣಕದ ಮಾತಲ್ಲ.

ಶಾಖದ ದಾರಿಗೂ ಓಮ್‌ನ ನಿಯಮ

ತರಗತಿಯಲ್ಲಿ ಸರಣಿ ರೋಧಗಳನ್ನು ಕಲಿಸುವ ಅಧ್ಯಾಪಕರಿಗೆ ಇಲ್ಲೊಂದು ಸೊಗಸಾದ ಉದಾಹರಣೆ ಇದೆ. ಉಷ್ಣತೆಯ ವ್ಯತ್ಯಾಸವನ್ನು ವಿಭವಾಂತರವೆಂದೂ, ಹರಿಯುವ ಶಾಖವನ್ನು ವಿದ್ಯುತ್ ಪ್ರವಾಹವೆಂದೂ ಇಟ್ಟುಕೊಳ್ಳಿ. ಬಿಲ್ಲೆ, ಅದರ ಮೇಲಿನ ಲೋಹದ ಮುಚ್ಚಳ, ಉಷ್ಣವಾಹಕ ಪೇಸ್ಟು, ತಾಮ್ರದ ವಾಟರ್ ಬ್ಲಾಕ್, ನೀರು, ರೇಡಿಯೇಟರ್, ಗಾಳಿ - ಇವು ಸರಣಿಯಲ್ಲಿ ಜೋಡಿಸಿದ ಉಷ್ಣರೋಧಗಳು. ಪ್ರತಿಯೊಂದನ್ನು ದಾಟುವಾಗಲೂ ಒಂದಿಷ್ಟು ಉಷ್ಣತೆ ಇಳಿಯುತ್ತದೆ.

ಸ್ಥೂಲವಾಗಿ ಹೀಗೆ: ಕೊಠಡಿ 30 ಡಿಗ್ರಿ ಇದೆ. ಹದವಾದ ರೇಡಿಯೇಟರ್ ಇದ್ದರೆ ನೀರು ಅದಕ್ಕಿಂತ 10 ಡಿಗ್ರಿ ಮೇಲೆ, 40ರಲ್ಲಿ ನಿಲ್ಲುತ್ತದೆ. ಪೂರ್ತಿ ದುಡಿಯುವ ಪ್ರೊಸೆಸರಿನ ಬಿಲ್ಲೆ ನೀರಿಗಿಂತ ಇನ್ನೂ 40 ಡಿಗ್ರಿ ಮೇಲೆ, ಅಂದರೆ 80ರಲ್ಲಿರುತ್ತದೆ. ಈಗ ರೇಡಿಯೇಟರಿನ ಗಾತ್ರವನ್ನು ಎರಡು ಪಟ್ಟು ಮಾಡಿದೆವು ಎನ್ನೋಣ. ಗಾಳಿ-ನೀರಿನ ವ್ಯತ್ಯಾಸ 10ರಿಂದ 5ಕ್ಕೆ ಇಳಿಯಿತು. ಬಿಲ್ಲೆ 75ಕ್ಕೆ ಬಂತು, ಅಷ್ಟೇ. ಉಳಿದ 40 ಡಿಗ್ರಿಯ ಇಳಿಜಾರು ಬಿಲ್ಲೆಗೂ ನೀರಿಗೂ ನಡುವೆಯೇ ಇದೆ. ಹೊರಗೆ ಎಷ್ಟು ರೇಡಿಯೇಟರ್ ಪೇರಿಸಿದರೂ ಅದು ಜಗ್ಗದು. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಕೊಠಡಿಯೇ 38 ಡಿಗ್ರಿ ಮುಟ್ಟಿದರೆ ಈ ಸರಪಳಿಯೆಲ್ಲ 8 ಡಿಗ್ರಿ ಮೇಲೇರುತ್ತದೆ. ಯುರೋಪಿನ ಪರೀಕ್ಷಾ ಕೊಠಡಿಯಲ್ಲಿ 20 ಡಿಗ್ರಿಯಲ್ಲಿ ಅಳೆದ ಅಂಕಿಗಳನ್ನು ಓದುವಾಗ ಇದನ್ನು ಕೂಡಿಸಿಕೊಂಡೇ ಓದಬೇಕು.

ಪ್ರೊಸೆಸರಿನ ಆಯ್ಕೆಯಲ್ಲೂ ಇದೇ ತತ್ತ್ವ ಕಾಣುತ್ತದೆ. 2023ರಲ್ಲಿ ಬಂದ ರೈಜೆನ್ 7 7800ಎಕ್ಸ್3ಡಿಯಲ್ಲಿ ಹೆಚ್ಚುವರಿ ಕ್ಯಾಶ್ ಸ್ಮೃತಿಯ ಪದರವನ್ನು ಲೆಕ್ಕಾಚಾರದ ಬಿಲ್ಲೆಯ ಮೇಲೆ ಅಂಟಿಸಿದ್ದರು. ಶಾಖ ಆ ಪದರವನ್ನು ದಾಟಿ ಮುಚ್ಚಳಕ್ಕೆ ಬರಬೇಕಿತ್ತು, ಕಂಬಳಿ ಹೊದ್ದು ದುಡಿದಂತೆ. ಆವೃತ್ತಿಯ ಗುಣಕಕ್ಕೂ ಬೀಗ ಹಾಕಲಾಗಿತ್ತು. 9800ಎಕ್ಸ್3ಡಿಯಲ್ಲಿ ಅದೇ ಪದರವನ್ನು ಬಿಲ್ಲೆಯ ಕೆಳಕ್ಕೆ ಸರಿಸಿದರು. ಬಿಸಿಯಾಗುವ ಭಾಗ ಮುಚ್ಚಳಕ್ಕೆ ಹತ್ತಿರವಾಯಿತು, ಗುಣಕದ ಬೀಗವೂ ತೆರೆಯಿತು. ಓವರ್‌ಕ್ಲಾಕ್ ಮಾಡಬೇಕೆನ್ನುವ ಆಟಗಾರನಿಗೆ ಎರಡರಲ್ಲಿ ಯಾವುದೆಂಬುದನ್ನು ಬೇರೆ ಹೇಳಬೇಕಿಲ್ಲ.

ಪೇಸ್ಟಿನ ಬಗ್ಗೆ ಒಂದು ಮಾತು. ಲೋಹದ ಎರಡು ಮೇಲ್ಮೈಗಳು ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮ ಗಾಳಿಪೊಟ್ಟಣಗಳಿರುತ್ತವೆ. ತಾಮ್ರದ ಉಷ್ಣವಾಹಕತೆ ಮೀಟರ್-ಡಿಗ್ರಿಗೆ ಸುಮಾರು 400 ವಾಟ್, ಒಳ್ಳೆಯ ಪೇಸ್ಟಿನದು ಸುಮಾರು 8, ಗಾಳಿಯದು 0.026. ಪೇಸ್ಟಿನ ಕೆಲಸ ಗಾಳಿಯನ್ನು ಹೊರದೂಡುವುದು, ತಾಮ್ರದ ಜಾಗವನ್ನು ತುಂಬುವುದಲ್ಲ. ಆದ್ದರಿಂದ ಅದು ತೆಳ್ಳಗಿದ್ದಷ್ಟೂ ಒಳ್ಳೆಯದು. ದೋಸೆಗೆ ಬೆಣ್ಣೆ ಮೆತ್ತಿದಂತೆ ಹಚ್ಚಿದರೆ ಕೆಟ್ಟಿತು.

ನೀರೇ ಏಕೆ?

ನೀರಿನ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ 4180 ಜೂಲ್. ಗಾಳಿಯದು ಸುಮಾರು 1000. ಆದರೆ ಒಂದು ಘನ ಮೀಟರ್ ಗಾಳಿಯ ತೂಕ ಬರೀ 1.2 ಕಿಲೋಗ್ರಾಂ, ನೀರಿನದು 1000. ಒಂದೇ ಗಾತ್ರವನ್ನು ಹೋಲಿಸಿದರೆ ನೀರು ಗಾಳಿಗಿಂತ ಸುಮಾರು 3500 ಪಟ್ಟು ಶಾಖ ಹೊರಬಲ್ಲದು. ಪುಟ್ಟ ಬಿಲ್ಲೆಯ ಶಾಖವನ್ನು ಬೆರಳು ಗಾತ್ರದ ಕೊಳವೆಯಲ್ಲಿ ದೊಡ್ಡ ರೇಡಿಯೇಟರಿಗೆ ಸಾಗಿಸಲು ಸಾಧ್ಯವಾಗುವುದು ಇದರಿಂದಲೇ.

ಪ್ರೊಸೆಸರ್ ಒಂದಕ್ಕೇ ನೀರಿನ ತಂಪು ಸಾಕೆನ್ನುವವರಿಗೆ ಕಾರ್ಖಾನೆಯಲ್ಲೇ ನೀರು ತುಂಬಿ ಮೊಹರು ಮಾಡಿದ ಘಟಕಗಳು ಸಿಗುತ್ತವೆ. ಬಿಡಿಬಿಡಿಯಾಗಿ ಪಂಪು, ಕೊಳವೆ ಕೊಳ್ಳುವ ರಗಳೆ ಇಲ್ಲ. ನಿಜ ಹೇಳಬೇಕೆಂದರೆ, ಪ್ರೊಸೆಸರಿಗಷ್ಟೇ ಆದರೆ ಎರಡು ಗೋಪುರಗಳ ಒಳ್ಳೆಯ ಏರ್ ಕೂಲರ್ ಇವಕ್ಕೆ ಹೆಚ್ಚೇನೂ ಹಿಂದೆ ಬೀಳುವುದಿಲ್ಲ. ನೀರಿನ ಪೂರ್ಣ ಪ್ರಯೋಜನ ಸಿಗುವುದು ಗ್ರಾಫಿಕ್ಸ್ ಕಾರ್ಡಿಗೆ. ಎನ್‌ವಿಡಿಯಾ 2025ರ ಜನವರಿಯಲ್ಲಿ ತಂದ ಆರ್‌ಟಿಎಕ್ಸ್ 5080 ಕಾರ್ಡು ಸೆಳೆಯುವುದು 360 ವಾಟ್. ಅದರ ಬಿಲ್ಲೆಯ ವಿಸ್ತೀರ್ಣ 378 ಚದರ ಮಿಲಿಮೀಟರ್. ಪೂರ್ತಿ ಶಾಖ ಬಿಲ್ಲೆಯಿಂದಲೇ ಬಂತೆಂದರೂ ಚದರ ಸೆಂಟಿಮೀಟರಿಗೆ 95 ವಾಟ್. ಮೇಲೆ ಮುಚ್ಚಳವೂ ಇಲ್ಲ, ವಾಟರ್ ಬ್ಲಾಕ್ ನೇರವಾಗಿ ಸಿಲಿಕಾನ್ ಮೇಲೆ ಕೂರುತ್ತದೆ. ಆದ್ದರಿಂದ ಬಿಲ್ಲೆ ನೀರಿಗಿಂತ ಸಾಮಾನ್ಯವಾಗಿ 10-15 ಡಿಗ್ರಿಯಷ್ಟೇ ಹೆಚ್ಚು ಬಿಸಿ ಇರುತ್ತದೆ. ಪ್ರೊಸೆಸರಿನ 40 ಡಿಗ್ರಿಯೊಂದಿಗೆ ಹೋಲಿಸಿ ನೋಡಿ! ಹೆಚ್ಚು ಬಿಂದುಗಳ ಪರದೆಯಲ್ಲಿ ಆಡುವಾಗ ಆಟದ ವೇಗವನ್ನು ನಿರ್ಧರಿಸುವುದೂ ಬಹುಮಟ್ಟಿಗೆ ಈ ಕಾರ್ಡೇ. ಹೀಗಾಗಿ ಹಣದ ಸಿಂಹಪಾಲು ಕಾರ್ಡಿಗೆ ಹೋಗಲಿ. ಒಂದು ಎಚ್ಚರ: ಒಂದೇ ಹೆಸರಿನ ಕಾರ್ಡುಗಳನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ವಿನ್ಯಾಸದಲ್ಲಿ ಮಾಡುತ್ತವೆ. ಬ್ಲಾಕ್ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಂಡ ನಂತರವೇ ಕಾರ್ಡು ಕೊಳ್ಳಿ. ಮೂಲ ಕೂಲರ್ ಬಿಚ್ಚಿದರೆ ಖಾತರಿ ಉಳಿಯುತ್ತದೆಯೇ ಎಂಬುದನ್ನೂ ಬಿಲ್ಲು ಮಾಡಿಸುವ ಮೊದಲೇ ಕೇಳಿ. ಲಕ್ಷ ರೂಪಾಯಿ ಮೀರುವ ವಸ್ತುವಿನಲ್ಲಿ ಇದು ಸಣ್ಣ ಮಾತಲ್ಲ.

ಈಗ ಪಂಪು ಮತ್ತು ರೇಡಿಯೇಟರಿನ ಲೆಕ್ಕ. ಪ್ರೊಸೆಸರ್ 140, ಕಾರ್ಡು 360, ಒಟ್ಟು 500 ವಾಟ್ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ ಸೆಕೆಂಡಿಗೆ ಹಾಯುವುದು 16.7 ಗ್ರಾಂ. ಅದನ್ನು ಒಂದು ಡಿಗ್ರಿ ಏರಿಸಲು ಸುಮಾರು 70 ವಾಟ್ ಬೇಕು. 500 ವಾಟ್ ಬಿದ್ದರೆ ನೀರು ಒಂದು ಸುತ್ತಿನಲ್ಲಿ 7 ಡಿಗ್ರಿ ಏರುತ್ತದೆ. ಹರಿವು ನಿಮಿಷಕ್ಕೆ 4 ಲೀಟರ್ ಆದರೆ ಏರಿಕೆ 2 ಡಿಗ್ರಿಗಿಂತ ಕಡಿಮೆ. 8 ಲೀಟರ್ ಮಾಡಿದರೆ? ಉಳಿಸಲು ಇರುವುದೇ ಒಂದು ಡಿಗ್ರಿಯಷ್ಟು. ಡಿ5 ಅಥವಾ ಡಿಡಿಸಿ ಮಾದರಿಯ ಒಂದು ಪಂಪು ಇದಕ್ಕೆ ಧಾರಾಳ ಸಾಕು. ಎರಡು ಪಂಪು ಜೋಡಿಸುವುದು ಶಬ್ದಕ್ಕೆ ಮತ್ತು ಚಂದಕ್ಕೆ ಮಾತ್ರ.

ರೇಡಿಯೇಟರಿನಲ್ಲಿ ಗಾಳಿಯ ಲೆಕ್ಕ ಹಾಕಬೇಕು. 120 ಮಿಲಿಮೀಟರಿನ ಮೂರು ಫ್ಯಾನುಗಳು ಕೂರುವ ರೇಡಿಯೇಟರಿಗೆ 360 ಎಂದು ಕರೆಯುತ್ತಾರೆ. ರೆಕ್ಕೆಗಳ ಅಡ್ಡಿಯನ್ನು ದಾಟಿ ಪ್ರತಿ ಫ್ಯಾನಿನಿಂದ ಗಂಟೆಗೆ 50 ಘನ ಮೀಟರ್ ಗಾಳಿ ಹಾಯುತ್ತದೆ ಎನ್ನೋಣ. ಮೂರರಿಂದ 150 ಘನ ಮೀಟರ್, ಸೆಕೆಂಡಿಗೆ 50 ಗ್ರಾಂ ಗಾಳಿ. 500 ವಾಟ್ ಹೀರಿದ ಈ ಗಾಳಿ 10 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ. ನೀರು ಇದಕ್ಕಿಂತ ಬಿಸಿ ಇರಲೇಬೇಕು. ಹಾಗಾಗಿ ಒಂದು 360 ಸಾಲದು, ಎರಡು ಬೇಕು. ಪ್ರತಿ ಫ್ಯಾನಿನ ಜಾಗಕ್ಕೆ 100 ವಾಟ್ ಎಂಬ ಕಸುಬುದಾರರ ಕೈಲೆಕ್ಕವೂ ಇದಕ್ಕೆ ಹೊಂದುತ್ತದೆ. ಪೆಟ್ಟಿಗೆ ಕೊಳ್ಳುವಾಗ ಗಾಜಿನ ಬಾಗಿಲು, ಬಣ್ಣದ ದೀಪಗಳನ್ನು ನೋಡುವ ಮೊದಲು ಎರಡು 360 ಒಳಗೆ ಕೂರುತ್ತವೆಯೇ, ಅವಕ್ಕೆ ಹೊರಗಿನ ತಂಪು ಗಾಳಿ ಸಿಗುತ್ತದೆಯೇ ಎಂದು ಅಳೆಯಿರಿ. ಮುಂಭಾಗವನ್ನೆಲ್ಲ ಗಾಜಿನಿಂದ ಮುಚ್ಚಿದ ಪೆಟ್ಟಿಗೆ ಅಂಗಡಿಯಲ್ಲಿ ಸುಂದರ, ಕೆಲಸದಲ್ಲಿ ಕುಲುಮೆ.

ಮರೆತುಹೋಗುವ ಭಾಗಗಳು

ಏರ್ ಕೂಲರಿನ ಫ್ಯಾನು ಪ್ರೊಸೆಸರನ್ನಷ್ಟೇ ತಂಪುಮಾಡುತ್ತಿರಲಿಲ್ಲ. ಸುತ್ತಲಿನ ಮದರ್‌ಬೋರ್ಡಿಗೂ ಗಾಳಿ ಬೀಸುತ್ತಿತ್ತು. ಅದನ್ನು ತೆಗೆದು ವಾಟರ್ ಬ್ಲಾಕ್ ಕೂರಿಸಿದೊಡನೆ ಆ ಗಾಳಿ ನಿಲ್ಲುತ್ತದೆ. ಪಕ್ಕದಲ್ಲೇ ಇರುವ ವೋಲ್ಟೇಜ್ ನಿಯಂತ್ರಕ ಮಂಡಲ 12 ವೋಲ್ಟನ್ನು ಸುಮಾರು 1.2 ವೋಲ್ಟಿಗೆ ಇಳಿಸಿಕೊಡುತ್ತದೆ. 120 ವಾಟ್‌ಗೆ 1.2 ವೋಲ್ಟ್ ಎಂದರೆ 100 ಆಂಪಿಯರ್! ದಕ್ಷತೆ ಶೇಕಡಾ 90 ಇದ್ದರೂ ಹತ್ತು-ಹದಿಮೂರು ವಾಟ್ ಅಲ್ಲೇ ಶಾಖವಾಗುತ್ತದೆ. ಆದ್ದರಿಂದ ಈ ಭಾಗದ ಮೇಲೆ ದಪ್ಪನೆಯ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರುವ ಬೋರ್ಡನ್ನೇ ಆರಿಸಿ, ಪೆಟ್ಟಿಗೆಯ ಒಂದು ಫ್ಯಾನು ಅತ್ತ ಬೀಸುವಂತೆ ಮಾಡಿ. ಎಎಮ್‌ಡಿಯ ಎ620 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಪ್ರೊಸೆಸರಿನ ಓವರ್‌ಕ್ಲಾಕಿಂಗ್ ಸಾಧ್ಯವಿಲ್ಲ. ಬಿ850 ಅಥವಾ ಎಕ್ಸ್870 ಆಗಬೇಕು.

ಸ್ಮೃತಿಯಲ್ಲಿ ದೊಡ್ಡ ಅಂಕಿಗಳಿಗೆ ಮರುಳಾಗಬೇಡಿ. ಡಿಡಿಆರ್5-6000ದ ನಿಜವಾದ ಆವೃತ್ತಿ 3000 ಮೆಗಾಹರ್ಟ್ಸ್. 30 ಬಡಿತಗಳ ವಿಳಂಬವೆಂದರೆ 10 ನ್ಯಾನೊಸೆಕೆಂಡ್. 36 ಬಡಿತಗಳ ಡಿಡಿಆರ್5-7200 ಕೂಡ ಅದೇ 10 ನ್ಯಾನೊಸೆಕೆಂಡ್. 96 ಮೆಗಾಬೈಟ್ ಕ್ಯಾಶ್ ಇರುವ ಈ ಪ್ರೊಸೆಸರಿಗೆ ಮೊದಲನೆಯದೇ ಸಾಕು.

ವಿದ್ಯುತ್ ಪೂರೈಕೆ ಘಟಕ 850 ವಾಟ್‌ನದಿರಲಿ. ಒಟ್ಟು ಬಳಕೆ 600 ಇದ್ದರೂ ಕಾರ್ಡು ಕ್ಷಣಮಾತ್ರ ಹೆಚ್ಚು ಸೆಳೆಯುವುದುಂಟು. ಕಾರ್ಡಿಗೆ ವಿದ್ಯುತ್ ಕೊಡುವ ಹೊಸ ಬಗೆಯ ಕನೆಕ್ಟರ್ ಬಗ್ಗೆ ಹೆಚ್ಚಿನ ಗಮನ ಬೇಕು. ಇದರಲ್ಲಿ 12 ವೋಲ್ಟಿನ ಪಿನ್ನುಗಳು ಆರು, ಪ್ರತಿಯೊಂದರ ಮಿತಿ 9.5 ಆಂಪಿಯರ್. 575 ವಾಟ್‌ನ ಆರ್‌ಟಿಎಕ್ಸ್ 5090 ಸೆಳೆಯುವ 48 ಆಂಪಿಯರ್ ಸಮನಾಗಿ ಹಂಚಿದರೆ ಪಿನ್ನಿಗೆ 8. ಸಂಪರ್ಕ ಸಡಿಲವಾಗಿ ಒಂದು ಪಿನ್ನಿನ ಮೇಲೆ ಎರಡರ ಪ್ರವಾಹ ಬಿದ್ದರೆ ಅಲ್ಲಿ ಶಾಖ ನಾಲ್ಕು ಪಟ್ಟು, ಏಕೆಂದರೆ ಶಾಖ ಪ್ರವಾಹದ ವರ್ಗದಂತೆ ಏರುತ್ತದೆ. 2022ರಲ್ಲಿ ಆರ್‌ಟಿಎಕ್ಸ್ 4090 ಬಂದ ಕೆಲವೇ ದಿನಗಳಲ್ಲಿ ಕನೆಕ್ಟರುಗಳು ಕರಗಿದ ಚಿತ್ರಗಳು ಹೊರಬಂದವು. 5080ರಲ್ಲಿ ಪಿನ್ನಿಗೆ 5 ಆಂಪಿಯರ್ ಮಾತ್ರ. ಆದರೂ ಕೊನೆಯವರೆಗೂ ಒತ್ತಿ ಕೂರಿಸಿ, ತುದಿಯ ಬಳಿಯೇ ತಂತಿಯನ್ನು ಮಡಿಸಬೇಡಿ.

ತಾಮ್ರ, ಅಲ್ಯೂಮಿನಿಯಂ ಮತ್ತು ಕೊಳವೆಬಾವಿಯ ನೀರು

ಅಗ್ಗಕ್ಕೆ ಸಿಗುವ ಅಲ್ಯೂಮಿನಿಯಂ ರೇಡಿಯೇಟರನ್ನು ತಾಮ್ರದ ವಾಟರ್ ಬ್ಲಾಕಿಗೆ ಜೋಡಿಸಿದವರು ತಿಳಿಯದೆಯೇ ಒಂದು ವಿದ್ಯುತ್ಕೋಶ ಕಟ್ಟಿರುತ್ತಾರೆ! ತಾಮ್ರದ ಮಾನಕ ವಿಭವ +0.34 ವೋಲ್ಟ್, ಅಲ್ಯೂಮಿನಿಯಮಿನದು -1.66, ವ್ಯತ್ಯಾಸ 2 ವೋಲ್ಟ್. ನಡುವೆ ಹರಿಯುವ ನೀರೇ ವಿದ್ಯುದ್ವಿಭಾಜ್ಯ. ಅಲ್ಯೂಮಿನಿಯಂ ಸವೆಯುತ್ತಾ ಹೋಗಿ ಒಂದು ದಿನ ರೇಡಿಯೇಟರ್ ತೂತಾಗುತ್ತದೆ. ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪ ಇವು ಒಟ್ಟಿಗಿರಬಹುದು. ಅಲ್ಯೂಮಿನಿಯಂ ಮಾತ್ರ ಬೇಡ. ಉಪ್ಪು ಬೆರೆಸಿದ ನೀರಿನ ಲೋಟದಲ್ಲಿ ತಾಮ್ರದ ತಂತಿಯನ್ನೂ ಅಲ್ಯೂಮಿನಿಯಂ ಹಾಳೆಯನ್ನೂ ಮುಳುಗಿಸಿ, ಹೊರಗೆ ಮೇಲ್ತುದಿಗಳನ್ನು ತಂತಿಯಿಂದ ಸೇರಿಸಿ ಕೆಲವು ದಿನ ಬಿಟ್ಟರೆ ಶಾಲೆಯಲ್ಲೇ ಇದನ್ನು ಕಾಣಬಹುದು.

ನೀರಿನ ವಿಷಯದಲ್ಲಿ ನಲ್ಲಿ ಅಥವಾ ಕೊಳವೆಬಾವಿಯ ನೀರು ಖಂಡಿತ ಕೂಡದು. ಕೋಲಾರ, ಚಿತ್ರದುರ್ಗದ ಕಡೆ ಕೊಳವೆಬಾವಿ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪೊರೆಯನ್ನು ಎಲ್ಲರೂ ನೋಡಿದ್ದೇವೆ. ವಾಟರ್ ಬ್ಲಾಕಿನ ಒಳಗಿನ ಸೀಳುಗಳು ಮಿಲಿಮೀಟರಿಗಿಂತಲೂ ಕಿರಿದು. ಅಂಥ ಪೊರೆ ಒಂದಿಷ್ಟು ಕೂತರೂ ಹರಿವು ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರಿಗೆ ತುಕ್ಕುನಿರೋಧಕ ಮತ್ತು ಪಾಚಿನಾಶಕ ಬೆರೆಸಿದ ಸಿದ್ಧ ದ್ರವವೇ ಸರಿ. ಶುದ್ಧ ನೀರು ವಿದ್ಯುತ್ತನ್ನು ಹರಿಸುವುದಿಲ್ಲವಾದ್ದರಿಂದ ಸೋರಿದರೂ ಭಯವಿಲ್ಲ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಕೆಲವೇ ದಿನಗಳಲ್ಲಿ ಅದು ಲೋಹದಿಂದ ಅಯಾನುಗಳನ್ನು ಪಡೆದು ವಾಹಕವಾಗುತ್ತದೆ.

ಮಂಜುಗಡ್ಡೆ ಹಾಕಿ ನೀರನ್ನು ಇನ್ನೂ ತಣ್ಣಗೆ ಮಾಡಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ರೇಡಿಯೇಟರ್ ಇರುವ ವ್ಯವಸ್ಥೆಯಲ್ಲಿ ನೀರು ಎಂದೂ ಕೊಠಡಿಯ ಉಷ್ಣತೆಗಿಂತ ಕೆಳಗಿಳಿಯದು, ಆದ್ದರಿಂದ ಕೊಳವೆಗಳು ಬೆವರುವುದಿಲ್ಲ. ಮಂಗಳೂರಿನಲ್ಲಿ 30 ಡಿಗ್ರಿ ಉಷ್ಣತೆ, ಶೇಕಡಾ 80 ಆರ್ದ್ರತೆ ಇದ್ದಾಗ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ನೀರು ಅದಕ್ಕಿಂತ ತಣ್ಣಗಾದರೆ ಮದರ್‌ಬೋರ್ಡಿನ ಮೇಲೆಯೇ ಹನಿಗಟ್ಟುತ್ತದೆ.

ಜೋಡಿಸಿ ನೀರು ತುಂಬಿದ ಮೇಲೆ ಕೂಡಲೇ ಗಣಕವನ್ನು ಚಾಲೂ ಮಾಡಬಾರದು. ಪಂಪಿಗೆ ಮಾತ್ರ ವಿದ್ಯುತ್ ಕೊಟ್ಟು, ಪ್ರತಿ ಕೂಡುಜಾಗದ ಕೆಳಗೆ ಬಿಳಿ ಕಾಗದ ಹಾಸಿ ಒಂದು ದಿನ ಓಡಿಸಿ. ಒಂದು ಹನಿ ಬಿದ್ದರೂ ಗುರುತು ಸಿಗುತ್ತದೆ. ಗಾಳಿಗುಳ್ಳೆಗಳು ಮೇಲೇರುವುದರಿಂದ ದ್ರವದ ತೊಟ್ಟಿ ಪಂಪಿಗಿಂತ ಎತ್ತರದಲ್ಲಿರಬೇಕು. ಅನಂತರ ಆವೃತ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಪ್ರತಿ ಹಂತದಲ್ಲೂ ಪರೀಕ್ಷಿಸಿ. ಇದಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವುದು ಪ್ರೈಮ್95 ತಂತ್ರಾಂಶ. ಮೂಲತಃ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಹುಡುಕಾಟಕ್ಕೆ ಬರೆದದ್ದು. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಇದು ಮಾಡಿಸುತ್ತದೆ. ವೇಗ ಮಿತಿ ಮೀರಿದ ಪ್ರೊಸೆಸರ್ ನಿಂತುಹೋಗುವ ಮೊದಲೇ ಎಲ್ಲೋ ಒಂದು ತಪ್ಪು ಉತ್ತರ ಕೊಡುತ್ತದೆ! ಆಗ ಒಂದು ಮೆಟ್ಟಿಲು ಕೆಳಗಿಳಿಯಿರಿ. ವೋಲ್ಟೇಜನ್ನು ಏರಿಸುವ ಬದಲು, ಅದೇ ವೇಗಕ್ಕೆ ಎಷ್ಟು ಕಡಿಮೆ ವೋಲ್ಟೇಜ್ ಸಾಕೆಂದು ಹುಡುಕುವುದೂ ಒಂದು ಆಟವೇ. ಸೂತ್ರದಲ್ಲಿರುವ ವರ್ಗ ಆಗ ನಮ್ಮ ಪರ ದುಡಿಯುತ್ತದೆ. ದ್ರವವನ್ನು ವರ್ಷಕ್ಕೊಮ್ಮೆ ಬದಲಿಸಿ, ತೆಗೆದ ದ್ರವವನ್ನು ಬಿಳಿ ಬಟ್ಟಲಿಗೆ ಸುರಿದು ನೋಡಿ. ಬಣ್ಣವಿಲ್ಲದ ದ್ರವ ಹಸಿರಿಗೆ ತಿರುಗಿದ್ದರೆ ಪಾಚಿ ಬೆಳೆದಿರಬೇಕು, ಇಲ್ಲವೇ ತಾಮ್ರ ಕರಗುತ್ತಿರಬೇಕು.